ಓದುಗರ ಪ್ರಶ್ನೆಗೆ ಉತ್ತರ: ಹಳೆಯ ಅಂಗೈ ಕಂಪ್ಯೂಟರಿನಲ್ಲಿ ಚಿತ್ರಾತ್ಮಕ ಪರಿಸರ

ಹಿಂದಿನ ಸಂಚಿಕೆಯಲ್ಲಿ, ಮನೆಯ ಪೆಟ್ಟಿಗೆಯಲ್ಲಿ ಉಳಿದುಹೋದ ಅಂಗೈ ಕಂಪ್ಯೂಟರುಗಳ ಬಗ್ಗೆ ಪ್ರಶ್ನೆಗಳಿದ್ದರೆ ಕಳುಹಿಸಬೇಕೆಂದು ಕೇಳಿದ್ದೆವು. ಕೊಡಗಿನ ಬೇರೆ ಬೇರೆ ಊರುಗಳಿಂದ ಪತ್ರಗಳು ಬಂದಿವೆ. ಇವುಗಳಲ್ಲಿ ನಾಪೋಕ್ಲು ಕಡೆಯಿಂದ ಬಂದ ಮೊದಲನೆಯ ಪತ್ರಕ್ಕೆ ವಿಸ್ತಾರವಾಗಿ ಉತ್ತರಿಸಲಾಗಿದೆ. ಅಲ್ಲಿ ಹೇಳಿದ ಎಷ್ಟೋ ವಿಷಯಗಳು ಉಳಿದ ಯಂತ್ರಗಳಿಗೂ ಅನ್ವಯಿಸುವುದರಿಂದ ಎಲ್ಲರೂ ಅದನ್ನು ಓದಿ ಮುಂದುವರಿಯುವುದು ಒಳ್ಳೆಯದು.

ಪ್ರಶ್ನೆ: ಮಾನ್ಯರೇ, ನನ್ನ ಅಣ್ಣ ಅಮೆರಿಕದಲ್ಲಿದ್ದಾಗ ಕೊಂಡಿದ್ದ ಶಾರ್ಪ್ ಜಾರಸ್ ಎಸ್‌ಎಲ್-5500 ನನ್ನ ಬಳಿ ಇದೆ. ಚಾರ್ಜ್ ಆಗುತ್ತದೆ, ಪರದೆಯೂ ಚೆನ್ನಾಗಿದೆ. ಅದರಲ್ಲಿ ದಿನದ ಮಳೆಯ ಲೆಕ್ಕ ಮತ್ತು ತೋಟದ ಚೆಕ್‌ರೋಲ್ (ಆಳುಗಳ ಹಾಜರಿ ಪಟ್ಟಿ) ಬರೆದಿಡಬೇಕು ಎಂಬ ಆಸೆ. ಈಗಿರುವ ವ್ಯವಸ್ಥೆಯಲ್ಲಿ ಕನ್ನಡ ಬರುವುದಿಲ್ಲ. ಓಪನ್‌ಜಾರಸ್ ಎಂಬ ಲಿನಕ್ಸ್ ಕಾರ್ಯವ್ಯವಸ್ಥೆ ಹಾಕಿ, ಅದರ ಮೇಲೆ ಓಪಿ ಅಥವಾ ಜಿಪಿಇ ಎಂಬ ಚಿತ್ರಾತ್ಮಕ ಪರಿಸರವನ್ನು (ಪಟ್ಟಿ, ಗುರುತು, ಕಿಟಕಿಗಳನ್ನು ತೋರಿಸುವ ತಂತ್ರಾಂಶಗಳನ್ನು) ಕೂರಿಸಬಹುದು ಎಂದು ಕೇಳಿದ್ದೇನೆ. ಯಾವುದು ಸರಿ? ಯಂತ್ರ ಕೆಡದಂತೆ ಹೇಗೆ ಮಾಡುವುದು?
– ಕಾಫಿ ಬೆಳೆಗಾರರು, ನಾಪೋಕ್ಲು

ಉತ್ತರ: ನಿಮ್ಮ ಯಂತ್ರ 2002ರಲ್ಲಿ ಮಾರುಕಟ್ಟೆಗೆ ಬಂದದ್ದು. ಅದರೊಳಗೆ 206 ಮೆಗಾಹರ್ಟ್ಸ್ ವೇಗದ ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್, 64 ಎಂಬಿ ರ‍್ಯಾಮ್, 16 ಎಂಬಿ ಫ್ಲ್ಯಾಶ್ (ಬ್ಯಾಟರಿ ಸತ್ತರೂ ಬರೆದದ್ದನ್ನು ಉಳಿಸಿಕೊಳ್ಳುವ ಮೆಮೊರಿ) ಇವೆ. ಪರದೆಯಲ್ಲಿ ಅಡ್ಡಲಾಗಿ 240, ಉದ್ದಕ್ಕೆ 320 ಚುಕ್ಕೆಗಳಿವೆ. ಕೆಳಗಿನ ಮುಚ್ಚಳವನ್ನು ಜಾರಿಸಿದರೆ ಸಣ್ಣ ಕೀಲಿಮಣೆ ಕಾಣಿಸುತ್ತದೆ, ಮೆಮೊರಿ ಕಾರ್ಡಿಗೆ ಕಾಂಪ್ಯಾಕ್ಟ್ ಫ್ಲ್ಯಾಶ್ ಮತ್ತು ಎಸ್‌ಡಿ ಎಂಬ ಎರಡು ಕಿಂಡಿಗಳಿವೆ. ಇಂದಿನ ಲೆಕ್ಕದಲ್ಲಿ ಇದು ತೀರಾ ಕಡಿಮೆ ಎನಿಸಿದರೂ ಮಳೆಯ ಲೆಕ್ಕಕ್ಕೂ ಆಳುಗಳ ಹಾಜರಿಗೂ ಧಾರಾಳವಾಗಿ ಸಾಕು. ಶಾರ್ಪ್ ಸಂಸ್ಥೆಯೇ ಇದನ್ನು ಲಿನಕ್ಸ್ ಹಾಕಿ ಮಾರಿದ್ದರಿಂದ ನೀವು ಹಾಕಹೊರಟಿರುವುದು ಈ ಯಂತ್ರಕ್ಕೆ ಹೊರಗಿನದೇನೂ ಅಲ್ಲ.

ಮೊದಲು ಆಯ್ಕೆಯ ಮಾತು. ಓಪಿ ಮತ್ತು ಜಿಪಿಇ ನೋಡಲು ಒಂದೇ ಬಗೆಯವು, ಎರಡರಲ್ಲಿಯೂ ದಿನಚರಿ, ವಿಳಾಸ ಪುಸ್ತಕ, ಟಿಪ್ಪಣಿ ಎಲ್ಲವೂ ಸಿಗುತ್ತವೆ. ಆದರೆ ಒಳಗಿನ ಕಟ್ಟಡ ಬೇರೆ. ಟ್ರೋಲ್‌ಟೆಕ್ ಸಂಸ್ಥೆಯ ಕ್ಯೂಟೋಪಿಯಾ ಎಂಬ ಪರಿಸರದಿಂದ ಕವಲೊಡೆದು ಬಂದ ಓಪಿಯು ಪರದೆಯಲ್ಲಿ ಕಿಟಕಿಗಳನ್ನು ಮೂಡಿಸುವ ಎಕ್ಸ್ ಎಂಬ ವಿಂಡೋ ವ್ಯವಸ್ಥೆಯ ನೆರವಿಲ್ಲದೆ, ಕ್ಯೂಟಿ ಎಂಬೆಡೆಡ್ ಮೂಲಕ ಪರದೆಯ ಮೆಮೊರಿಗೆ ನೇರವಾಗಿ ಚಿತ್ರ ಬರೆಯುತ್ತದೆ. ಹಾಗಾಗಿ ಅದು ಹಗುರ ಮತ್ತು ಚುರುಕು. ಜಿಪಿಇಯಲ್ಲಿ ಕೆ-ಡ್ರೈವ್ ಎಂಬ ಪುಟ್ಟ ಎಕ್ಸ್ ಸರ್ವರ್ ತಳದಲ್ಲಿರುತ್ತದೆ, ಅದರ ಮೇಲೆ ಮ್ಯಾಚ್‌ಬಾಕ್ಸ್ ಎಂಬ ವಿಂಡೋ ನಿರ್ವಾಹಕ (ಕಿಟಕಿಗಳನ್ನು ಜೋಡಿಸಿಡುವ ತಂತ್ರಾಂಶ), ಅದರ ಮೇಲೆ ಜಿಟಿಕೆ ಎಂಬ ಗ್ರಂಥಾಲಯದಿಂದ (ಸಿದ್ಧ ತಂತ್ರಾಂಶ ತುಣುಕುಗಳ ಸಂಗ್ರಹದಿಂದ) ಕಟ್ಟಿದ ತಂತ್ರಾಂಶಗಳು. ಇಷ್ಟು ಪದರಗಳಿರುವುದರಿಂದ ಜಿಪಿಇ ಶುರುವಾಗುವುದು ಸ್ವಲ್ಪ ನಿಧಾನ, ಮೆಮೊರಿಯೂ ಹೆಚ್ಚು ಬೇಕು.

ಕನ್ನಡ ಬೇಡವಾಗಿದ್ದರೆ ಈ ಯಂತ್ರಕ್ಕೆ ನಾನು ಓಪಿಯನ್ನೇ ಹೇಳುತ್ತಿದ್ದೆ. ನಿಮಗೆ ಕನ್ನಡ ಬೇಕು. ಓಪಿಗೆ ಆಧಾರವಾದ ಕ್ಯೂಟಿ ಎಂಬೆಡೆಡ್‌ನ ಹಳೆಯ ಆವೃತ್ತಿಗೆ ಯೂನಿಕೋಡ್ ಗೊತ್ತಿದೆ, ಆದರೆ ಒತ್ತಕ್ಷರ ಕೂಡಿಸುವುದು ಗೊತ್ತಿಲ್ಲ. ಕನ್ನಡ ಫಾಂಟ್ ಹಾಕಿದರೂ ‘ಮೇಸ್ತ್ರಿ’ ಎಂಬ ಪದ ‘ಮೇಸ್‌ತ್‌ರಿ’ ಎಂಬಂತೆ ಬಿಡಿಬಿಡಿಯಾಗಿ ಕಾಣುತ್ತದೆ. ಜಿಪಿಇಯಲ್ಲಿ ಅಕ್ಷರ ಜೋಡಿಸುವ ಕೆಲಸವನ್ನು ಪಾಂಗೊ ಎಂಬ ಗ್ರಂಥಾಲಯ ಮಾಡುತ್ತದೆ, ಅದಕ್ಕೆ ಭಾರತೀಯ ಲಿಪಿಗಳ ನಿಯಮ ತಿಳಿದಿದೆ. ಆದ್ದರಿಂದ ಸ್ವಲ್ಪ ನಿಧಾನವಾದರೂ ನೀವು ಜಿಪಿಇಯನ್ನೇ ಹಾಕಬೇಕು. ಆಳುಗಳ ಹೆಸರನ್ನು ತಪ್ಪುತಪ್ಪಾಗಿ ತೋರಿಸುವ ಚೆಕ್‌ರೋಲನ್ನು ತೋಟದ ಲೆಕ್ಕ ಬರೆಯುವ ಯಾವ ರೈಟರೂ ನಂಬಲಾರರು, ನಂಬಲೂ ಬಾರದು.

ಇನ್ನು ಯಂತ್ರ ಕೆಡುವ ಭಯದ ಬಗ್ಗೆ. ಈ ಜಾರಸ್‌ನಲ್ಲಿ ಹೊಸ ವ್ಯವಸ್ಥೆಯನ್ನು ಬರೆಯುವ ಸಾಮರ್ಥ್ಯ ಯಂತ್ರದಲ್ಲಿಯೇ ಇದೆ. ಕಡತಗಳನ್ನು ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡಿನಲ್ಲಿಟ್ಟು, ಅಡಾಪ್ಟರ್ ಜೋಡಿಸಿ, ಕೀಲಿಮಣೆಯ ಸಿ ಮತ್ತು ಡಿ ಕೀಲಿಗಳನ್ನು ಒಟ್ಟಿಗೆ ಒತ್ತಿ ಹಿಡಿದು ರೀಸೆಟ್ ಗುಂಡಿಯನ್ನು ಒತ್ತಿದರೆ ಎರಡು ದೀಪಗಳೂ ಹೊತ್ತಿಕೊಳ್ಳುತ್ತವೆ ಮತ್ತು ಬರೆಯುವ ಕೆಲಸ ಆರಂಭವಾಗುತ್ತದೆ. ಎರಡೂ ಆರಿದರೆ ಮುಗಿಯಿತೆಂದು ಅರ್ಥ. ನಾವು ಬರೆಯುವ ವ್ಯವಸ್ಥೆ ಸರಿಯಾಗಿ ಏಳದಿದ್ದರೂ ಇದೇ ದಾರಿಯಲ್ಲಿ ಮತ್ತೆ ಬರೆಯಬಹುದು. ಆದ್ದರಿಂದ ಶಾರ್ಪ್ ಸಂಸ್ಥೆಯ ಮೂಲ ಕಡತಗಳನ್ನು ಹುಡುಕಿ ಇನ್ನೊಂದು ಕಾರ್ಡಿನಲ್ಲಿ ಹಾಕಿ ಎತ್ತಿಟ್ಟುಕೊಂಡ ಮೇಲೆಯೇ ಕೆಲಸಕ್ಕೆ ಕೈಹಾಕಿರಿ.

ನಮ್ಮ ಜಿಲ್ಲೆಯಲ್ಲಿ ನಿಜವಾದ ಅಪಾಯ ಬರುವುದು ಕರೆಂಟಿನಿಂದ. ಮಳೆ ಜೋರಾಗಿರುವ ಕಕ್ಕಡ ತಿಂಗಳಲ್ಲಿ, ಮರ ಬಿದ್ದು ಲೈನ್ ಯಾವಾಗ ಹೋಗುತ್ತದೆಂದು ಹೇಳಲಾಗದ ದಿನಗಳಲ್ಲಿ, ಈ ಕೆಲಸವನ್ನು ಗೋಡೆಯ ಪ್ಲಗ್ಗನ್ನು ನಂಬಿ ಮಾಡಬೇಡಿರಿ. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಅಡಾಪ್ಟರನ್ನು ಯುಪಿಎಸ್ ಅಥವಾ ಇನ್ವರ್ಟರಿನ ಸಾಲಿಗೆ ಜೋಡಿಸಿ, ದೀಪಗಳು ಆರುವ ತನಕ ಯಂತ್ರವನ್ನು ಮುಟ್ಟದೆ ಬಿಡಿರಿ. ಹಳೆಯ ಬ್ಯಾಟರಿ ತುಂಬಿದೆ ಎಂದು ತೋರಿಸಿದರೂ ಒಳಗೆ ಹೆಚ್ಚು ಹಿಡಿದಿರುವುದಿಲ್ಲ, ಅದೊಂದನ್ನೇ ನೆಚ್ಚುವ ಹಾಗಿಲ್ಲ.

ಕಾರ್ಡ್ ಸಿದ್ಧಪಡಿಸುವಾಗ ಕೆಲವು ಸಣ್ಣ ಸಂಗತಿಗಳೇ ಹೆಚ್ಚು ತೊಂದರೆ ಕೊಡುತ್ತವೆ. ದೊಡ್ಡ ಕಾರ್ಡ್ ಬೇಡ. ಹಳೆಯ, ಕಡಿಮೆ ಗಾತ್ರದ ಕಾರ್ಡನ್ನು ಫ್ಯಾಟ್-16 ಎಂಬ ಕಡತ ಜೋಡಣೆಯ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿರಿ. ಓಪನ್‌ಜಾರಸ್ ಯೋಜನೆಯಲ್ಲಿ ನಿಮ್ಮ ಯಂತ್ರದ ಗುಪ್ತನಾಮ ಕೋಲೀ. ಆ ಹೆಸರಿರುವ ಕಡತಗಳು ಮಾತ್ರ ಇದಕ್ಕೆ ಹೊಂದುತ್ತವೆ. ಕರ್ನೆಲ್ (ವ್ಯವಸ್ಥೆಯ ತಿರುಳು) ಕಡತಕ್ಕೆ ಜಡ್‌ಇಮೇಜ್ ಎಂದೂ (ಇಂಗ್ಲಿಷಿನಲ್ಲಿ ಬರೆಯುವಾಗ ಐ ಅಕ್ಷರ ಮಾತ್ರ ದೊಡ್ಡದು, ಕಡತಕ್ಕೆ ಬಾಲ, ಎಂದರೆ ಹೆಸರಿನ ಕೊನೆಯಲ್ಲಿ ಚುಕ್ಕೆಯ ನಂತರ ಬರುವ ಭಾಗ, ಇರಬಾರದು), ಉಳಿದ ವ್ಯವಸ್ಥೆಯ ಕಡತಕ್ಕೆ ಇನಿಟ್‌ಆರ್‌ಡಿ ಡಾಟ್ ಬಿನ್ ಎಂದೂ ಹೆಸರು ಬದಲಿಸಬೇಕು. ವಿಂಡೋಸ್ ಕಂಪ್ಯೂಟರು ಕಡತದ ಬಾಲವನ್ನು ಮರೆಮಾಡುವುದರಿಂದ ಎಷ್ಟೋ ಜನರ ಕಾರ್ಡಿನಲ್ಲಿ ‘ಡಾಟ್ ಬಿನ್ ಡಾಟ್ ಬಿನ್’ ಎಂದು ಎರಡು ಬಾಲಗಳು ಸೇರಿಕೊಂಡು, ಜಾರಸ್ ತನಗೆ ಬೇಕಾದ ಕಡತವೇ ಇಲ್ಲವೆಂದು ಸುಮ್ಮನಾಗುತ್ತದೆ. ಬಾಲ ಕಾಣುವಂತೆ ವಿಂಡೋಸಿನಲ್ಲಿ ಮೊದಲೇ ಬದಲಿಸಿಕೊಳ್ಳಿರಿ. ಕಡತದ ಜೊತೆಗೆ ಎಂಡಿ5 ಮೊತ್ತ (ಕಡತ ಸರಿಯಾಗಿ ಇಳಿದಿದೆಯೇ ಎಂದು ತಿಳಿಯಲು ಬಳಸುವ ಸಂಖ್ಯೆ) ಕೊಟ್ಟಿದ್ದರೆ ಅದನ್ನು ತಾಳೆ ನೋಡದೆ ಮುಂದೆ ಹೋಗಬಾರದು. ಅರ್ಧ ಇಳಿದ ಕಡತವನ್ನು ಬರೆದರೆ ಯಂತ್ರ ಏಳುವುದಿಲ್ಲ.

ಕರ್ನೆಲ್ ಕಡತಗಳ ಹೆಸರಿನಲ್ಲಿ 64-0, 32-32 ಎಂಬಂತಹ ಜೋಡಿ ಅಂಕಿಗಳು ಕಾಣುತ್ತವೆ. ಇದು ಬಹಳ ಮುಖ್ಯವಾದ ಆಯ್ಕೆ. ಇರುವ 64 ಎಂಬಿ ರ‍್ಯಾಮಿನಲ್ಲಿ ತಂತ್ರಾಂಶಗಳು ಓಡಲು ಎಷ್ಟು, ಕಡತ ಇಟ್ಟುಕೊಳ್ಳುವ ರ‍್ಯಾಮ್‌ಡಿಸ್ಕಿಗೆ ಎಷ್ಟು ಎಂಬುದನ್ನು ಈ ಅಂಕಿಗಳು ಹೇಳುತ್ತವೆ. ರ‍್ಯಾಮ್‌ಡಿಸ್ಕಿನಲ್ಲಿ ಇಟ್ಟದ್ದೆಲ್ಲ ಬ್ಯಾಟರಿ ಪೂರ್ತಿ ಖಾಲಿಯಾದಾಗ ಅಳಿಸಿಹೋಗುತ್ತದೆ. ಮೂರು ದಿನ ಕರೆಂಟ್ ಇಲ್ಲದ ಮಳೆಗಾಲದಲ್ಲಿ ಇಡೀ ತಿಂಗಳ ಚೆಕ್‌ರೋಲ್ ಹೀಗೆ ಅಳಿಸಿಹೋದರೆ ಆಳುಗಳಿಗೆ ಉತ್ತರ ಹೇಳುವವರು ಯಾರು? ಅಲ್ಲದೆ, ಜಿಪಿಇಗೆ ಮೆಮೊರಿ ಬೇಕು. ಈ ಎರಡು ಕಾರಣಗಳಿಗಾಗಿ 64-0 ಕರ್ನೆಲನ್ನೇ ಆರಿಸಿ, ಬರೆದದ್ದನ್ನು ಎಸ್‌ಡಿ ಕಾರ್ಡಿನಲ್ಲಿ ಉಳಿಸಿರಿ.

ಈಗ ಅಂಗಡಿಯಲ್ಲಿ ಸಿಗುವ ಎಸ್‌ಡಿಎಚ್‌ಸಿ ಕಾರ್ಡುಗಳನ್ನು ಈ ಯಂತ್ರ ಓದುವುದಿಲ್ಲ. 1 ಜಿಬಿ ಅಥವಾ ಅದಕ್ಕಿಂತ ಚಿಕ್ಕ, ಹಳೆಯ ಮಾದರಿಯ ಎಸ್‌ಡಿ ಕಾರ್ಡ್ ಬೇಕು. ಹಳೆಯ ಡಿಜಿಟಲ್ ಕ್ಯಾಮೆರಾ ಇರುವ ಮನೆಗಳಲ್ಲಿ ಕೇಳಿದರೆ ಸಿಕ್ಕೀತು.

ವ್ಯವಸ್ಥೆ ಬರೆದು ಮುಗಿದು ಮೊದಲ ಸಲ ಪರದೆ ಬೆಳಗಿದಾಗ ಅದು ಕೇಳುವುದು ಸ್ಪರ್ಶದ ಹೊಂದಾಣಿಕೆಯನ್ನು. ನಾಲ್ಕು ಮೂಲೆಗಳ ಹತ್ತಿರ ಒಂದೊಂದು, ನಡುವೆ ಒಂದು, ಹೀಗೆ ಐದು ಕೂಡುಗೆರೆಗಳು ಒಂದಾದ ಮೇಲೊಂದು ಕಾಣುತ್ತವೆ. ಯಂತ್ರವನ್ನು ಮೇಜಿನ ಮೇಲಿಟ್ಟು, ಸ್ಟೈಲಸ್ ಕಡ್ಡಿಯನ್ನು ನೆಟ್ಟಗೆ ಹಿಡಿದು, ಗೆರೆಗಳು ಕೂಡುವ ಜಾಗವನ್ನೇ ಒತ್ತಿ ಒಂದು ಕ್ಷಣ ತಡೆಯಿರಿ. ಇಲ್ಲಿ ಅವಸರ ಮಾಡಿದರೆ ಮುಂದೆ ಒತ್ತಿದ ಜಾಗ ಒಂದು, ಕೆಲಸ ಮಾಡುವ ಜಾಗ ಇನ್ನೊಂದು ಆಗುತ್ತದೆ. ಹೊಂದಾಣಿಕೆಯ ಫಲ ಏಳು ಸಂಖ್ಯೆಗಳಾಗಿ ಇಟಿಸಿ ಕೋಶದಲ್ಲಿರುವ ಪಾಯಿಂಟರ್‌ಕ್ಯಾಲ್ ಎಂಬ ಪುಟ್ಟ ಕಡತದಲ್ಲಿ ಕೂರುತ್ತದೆ. ಸ್ಪರ್ಶ ಹದಗೆಟ್ಟು ಯಾವ ಗುಂಡಿಯನ್ನೂ ಒತ್ತಲಾಗದ ಸ್ಥಿತಿ ಬಂದರೆ ಗಾಬರಿಯಾಗಬೇಕಿಲ್ಲ. ಕೀಲಿಮಣೆಯಿಂದ ಅಥವಾ ಯುಎಸ್‌ಬಿ ತಂತಿಯ ಮೂಲಕ ಇನ್ನೊಂದು ಕಂಪ್ಯೂಟರಿನಿಂದ ಒಳಹೊಕ್ಕು ಆ ಕಡತವನ್ನು ಅಳಿಸಿ ಯಂತ್ರವನ್ನು ಮತ್ತೆ ಶುರುಮಾಡಿದರೆ ಐದು ಗೆರೆಗಳು ಮತ್ತೆ ಬರುತ್ತವೆ.

ಏನೇ ಕೆಟ್ಟರೂ ಕೆಳಗಿನ ಪದರದಿಂದ ಮೇಲಕ್ಕೆ ಪರೀಕ್ಷಿಸಿಕೊಂಡು ಹೋಗುವುದೇ ಈ ಕೆಲಸದ ಕ್ರಮ. ಪರದೆಯಲ್ಲಿ ಬೂಟ್ ಆಗುವ ಸಾಲುಗಳು ಕಾಣುತ್ತಿವೆಯೇ? ಕಂಡರೆ ಕರ್ನೆಲ್ ಮತ್ತು ಪರದೆಯ ಚಾಲಕ ಸರಿ ಇವೆ. ಬೂದು ಅಥವಾ ಕಪ್ಪು ಹಿನ್ನೆಲೆ ಬಂದು ನಿಂತಿದೆಯೇ? ಎಕ್ಸ್ ಸರ್ವರ್ ಎದ್ದಿದೆ, ವಿಂಡೋ ನಿರ್ವಾಹಕ ಎದ್ದಿಲ್ಲ. ಪಟ್ಟಿ, ಗುರುತುಗಳು ಎಲ್ಲ ಕಾಣುತ್ತಿದ್ದು ಕಡ್ಡಿಗೆ ಉತ್ತರವಿಲ್ಲವೇ? ಸ್ಪರ್ಶದ ಪದರವನ್ನು ನೋಡಬೇಕು. ಈ ಕ್ರಮ ಬಿಟ್ಟು ತೊಂದರೆ ಕಂಡಾಗಲೆಲ್ಲ ಇಡೀ ವ್ಯವಸ್ಥೆಯನ್ನು ಮತ್ತೆ ಮತ್ತೆ ಬರೆಯುವವರು ಬಹಳ. ಅದರಿಂದ ಫ್ಲ್ಯಾಶ್ ಸವೆಯುತ್ತದೆಯೇ ಹೊರತು ಕಾರಣ ತಿಳಿಯುವುದಿಲ್ಲ.

ಇನ್ನು ಕನ್ನಡ. ಜಿಪಿಇ ಹಾಕಿದ ಮಾತ್ರಕ್ಕೆ ಕನ್ನಡ ಬರುವುದಿಲ್ಲ, ಏಕೆಂದರೆ 16 ಎಂಬಿಯಲ್ಲಿ ಎಲ್ಲವನ್ನೂ ತುಂಬಬೇಕಾದ್ದರಿಂದ ಪಾಂಗೊ ಗ್ರಂಥಾಲಯದ ಭಾರತೀಯ ಲಿಪಿಗಳ ಭಾಗವನ್ನು ಪ್ರತ್ಯೇಕ ಪ್ಯಾಕೇಜಾಗಿ (ಬೇಕಾದಾಗ ಸೇರಿಸಿಕೊಳ್ಳುವ ತಂತ್ರಾಂಶದ ಕಟ್ಟಾಗಿ) ಇಟ್ಟಿರುತ್ತಾರೆ. ಅದನ್ನು ಐಪಿಕೆಜಿ ಎಂಬ ಆದೇಶದಿಂದ ಸೇರಿಸಬೇಕು. ಜೊತೆಗೆ ಒಂದು ಯೂನಿಕೋಡ್ ಫಾಂಟ್ ಬೇಕು. ಲೋಹಿತ್ ಕನ್ನಡ ಮುಕ್ತವಾಗಿ ಸಿಗುತ್ತದೆ. ಪರದೆಯಲ್ಲಿ ಅಕ್ಷರದ ಬದಲು ಚೌಕ ಚೌಕಗಳು ಕಂಡರೆ ಫಾಂಟ್ ಇಲ್ಲ, ಅಥವಾ ಎಫ್‌ಸಿ-ಕ್ಯಾಶ್ ಎಂಬ ಆದೇಶ ಕೊಟ್ಟು ಫಾಂಟಿನ ಪಟ್ಟಿಯನ್ನು ಹೊಸದು ಮಾಡಿಲ್ಲ ಎಂದು ತಿಳಿಯಿರಿ. ಅಕ್ಷರ ಕಂಡು ಒತ್ತು ಬಿಡಿಯಾಗಿ ಕಂಡರೆ ಪಾಂಗೊವಿನ ಆ ಭಾಗ ಸೇರಿಲ್ಲ. ಅಕ್ಷರದ ಗಾತ್ರವನ್ನು ತೀರಾ ಚಿಕ್ಕದು ಮಾಡಬೇಡಿರಿ. ಇಂಗ್ಲಿಷಿಗೆ ಸಾಕಾಗುವ ಎತ್ತರದಲ್ಲಿ ನಮ್ಮ ‘ಕ್ಷ್ಮಿ’ಯಂತಹ ಅಕ್ಷರದ ಒತ್ತುಗಳು ಚುಕ್ಕೆಯಾಗಿಬಿಡುತ್ತವೆ. ಒಂದು ಸಾಲಿಗೆ ಮೂರು ನಾಲ್ಕು ಪದ ಹಿಡಿದರೆ ಸಾಕೆಂದು ಒಪ್ಪಿಕೊಂಡು ದೊಡ್ಡದಾಗಿಯೇ ಇಡಿರಿ.

ಬರೆಯುವುದು ಓದುವುದಕ್ಕಿಂತ ಕಷ್ಟ. ಜಾರುವ ಕೀಲಿಮಣೆಯಲ್ಲಿ ಕನ್ನಡ ಮೂಡಿಸಲು ಹೋಗುವುದಕ್ಕಿಂತ ಪರದೆಯ ಮೇಲಿನ ಕೀಲಿಮಣೆಯೇ ವಾಸಿ. ಮ್ಯಾಚ್‌ಬಾಕ್ಸ್ ಕೀಲಿಮಣೆಯ ವಿನ್ಯಾಸವು ಎಕ್ಸ್‌ಎಂಎಲ್ ರೂಪದ ಸಾದಾ ಕಡತವಾದ್ದರಿಂದ, ಯಾವ ಕೀಲಿಗೆ ಯಾವ ಅಕ್ಷರ ಎಂಬುದನ್ನು ನೀವೇ ಬರೆದುಕೊಳ್ಳಬಹುದು. ಆದರೂ ನನ್ನ ಸಲಹೆ ಬೇರೆ. ಆಳುಗಳ ಹೆಸರಿನ ಪಟ್ಟಿಯನ್ನು ಮನೆಯ ಕಂಪ್ಯೂಟರಿನಲ್ಲಿ ಒಂದೇ ಸಲ ಕನ್ನಡದಲ್ಲಿ ಬೆರಳಚ್ಚಿಸಿ ಕಾರ್ಡಿಗೆ ಹಾಕಿಕೊಳ್ಳಿರಿ, ಪ್ರತಿಯೊಬ್ಬರಿಗೂ ಒಂದು ಅಂಕಿ ಕೊಡಿರಿ, ತೋಟದಲ್ಲಿ ನಿಂತು ಬರೆಯುವುದು ಅಂಕಿಯನ್ನು ಮಾತ್ರವಾಗಿರಲಿ. ಕೊಯ್ಲಿನ ಸಮಯದಲ್ಲಿ ಸಂಜೆ ಕಣದ ಬಳಿ ಹಣ್ಣು ತೂಗುವಾಗ ಸಾಲಿನಲ್ಲಿ ನಿಂತವರನ್ನು ಕಾಯಿಸಿ ಒಂದೊಂದೇ ಅಕ್ಷರ ಒತ್ತುತ್ತ ಕೂರುವುದು ನ್ಯಾಯವಲ್ಲ.

ಮಳೆಯ ಲೆಕ್ಕಕ್ಕೆ ಇನ್ನೂ ಸರಳವಾದ ದಾರಿ ಇದೆ. ವರ್ಷಕ್ಕೊಂದು ಸಾದಾ ಪಠ್ಯ ಕಡತ, ದಿನಕ್ಕೊಂದು ಸಾಲು. ದಿನಾಂಕ, ಅಲ್ಪವಿರಾಮ, ಮಳೆ. ನಮ್ಮ ತೋಟಗಳಲ್ಲಿ ರೂಢಿಯಲ್ಲಿರುವಂತೆ ಇಂಚು ಮತ್ತು ಸೆಂಟಿನಲ್ಲೇ ಬರೆಯಿರಿ, 3 ಇಂಚು 42 ಸೆಂಟ್ ಎಂಬುದನ್ನು 3.42 ಎಂದು. ಬೇಕಾದಾಗ 25.4ರಿಂದ ಗುಣಿಸಿದರೆ 86.9 ಮಿಲಿಮೀಟರ್ ಸಿಗುತ್ತದೆ. ಹವಾಮಾನ ಇಲಾಖೆಯ ಕ್ರಮದಂತೆ ಬೆಳಿಗ್ಗೆ 8.30ಕ್ಕೆ ಅಳೆಯುವುದಾದರೆ ಲೆಕ್ಕ ಹೋಲಿಸಲು ಅನುಕೂಲ. ಇಂತಹ ಕಡತವನ್ನು ಜಗತ್ತಿನ ಯಾವ ಕಂಪ್ಯೂಟರಿನಲ್ಲಾದರೂ ತೆರೆಯಬಹುದು, ಈ ಯಂತ್ರ ನಿಂತುಹೋದರೂ ಲೆಕ್ಕ ನಿಲ್ಲುವುದಿಲ್ಲ. ಒಂದು ಎಚ್ಚರಿಕೆ: ಬ್ಯಾಟರಿ ತೆಗೆದು ಹಾಕಿದ ಮೇಲೆ ಯಂತ್ರದ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುವುದುಂಟು. ದಿನಾಂಕವನ್ನು ಸರಿಪಡಿಸದೆ ಹೊಸ ಸಾಲು ಬರೆಯಬೇಡಿರಿ.

ಕೊನೆಯದಾಗಿ, ಪ್ಯಾಕೇಜುಗಳು ಎಲ್ಲಿಂದ ಎಂಬುದು. ಓಪನ್‌ಜಾರಸ್ ಯೋಜನೆ 2007ರಲ್ಲಿ ನಿಂತು, ಅದರ ಕೆಲಸ ಓಂಗ್‌ಸ್ಟ್ರಾಮ್ ಎಂಬ ಇನ್ನೊಂದು ಯೋಜನೆಯೊಳಗೆ ಸೇರಿಹೋಯಿತು. ಯಂತ್ರವೇ ನೇರವಾಗಿ ಇಂಟರ್‌ನೆಟ್‌ನಿಂದ ಪ್ಯಾಕೇಜು ಇಳಿಸಿಕೊಳ್ಳುವ ಕಾಲ ಮುಗಿಯಿತು ಎಂದೇ ಎಣಿಸಿ, ಉಳಿದಿರುವ ಸಂಗ್ರಹಗಳಿಂದ ಮನೆಯ ಕಂಪ್ಯೂಟರಿಗೆ ಇಳಿಸಿ, ಕಾರ್ಡಿನ ಮೂಲಕ ಸಾಗಿಸಿರಿ. 3.5.4 ಆವೃತ್ತಿಯ ವ್ಯವಸ್ಥೆ ಹಾಕಿದ್ದರೆ ಅದೇ ಆವೃತ್ತಿಯ ಪ್ಯಾಕೇಜುಗಳನ್ನೇ ಹಾಕಬೇಕು, ಬೆರೆಸಬಾರದು. ಫ್ಲ್ಯಾಶಿನಲ್ಲಿ ಜಾಗ ಸಾಲದೆ ಪ್ಯಾಕೇಜನ್ನು ಎಸ್‌ಡಿ ಕಾರ್ಡಿನ ಮೇಲೆ ಹಾಕುವುದಾದರೆ ಆ ಕಾರ್ಡ್ ಇಎಕ್ಸ್‌ಟಿ-2 ಮಾದರಿಯಲ್ಲಿರಬೇಕು, ಏಕೆಂದರೆ ಫ್ಯಾಟ್ ಮಾದರಿಗೆ ಲಿನಕ್ಸಿನ ಕೊಂಡಿಗಳೂ ಅನುಮತಿಗಳೂ ತಿಳಿಯುವುದಿಲ್ಲ. ಹಾಕಿದ ಮೇಲೆ ಐಪಿಕೆಜಿ-ಲಿಂಕ್ ಎಂಬ ಆದೇಶದಿಂದ ಮುಖ್ಯ ವ್ಯವಸ್ಥೆಗೆ ಜೋಡಿಸಬೇಕು. ಹೀಗೆ ಜೋಡಿಸಿದ ಕಾರ್ಡನ್ನು ಯಂತ್ರ ನಿದ್ರೆಯಲ್ಲಿರುವಾಗ ಎಳೆದು ತೆಗೆಯಬೇಡಿರಿ.

ಪ್ರಶ್ನೆ: ನನ್ನಲ್ಲಿ ಕಾಂಪ್ಯಾಕ್ ಐಪ್ಯಾಕ್ 3630 ಇದೆ. ಅದರಲ್ಲಿ ಕೂಡ ಕಾರ್ಡಿನಿಂದಲೇ ಲಿನಕ್ಸ್ ಹಾಕಬಹುದೇ?
– ಕಾಲೇಜು ಉಪನ್ಯಾಸಕರು, ಪೊನ್ನಂಪೇಟೆ

ಉತ್ತರ: ಇಲ್ಲ, ಮತ್ತು ಈ ವ್ಯತ್ಯಾಸವನ್ನು ಚೆನ್ನಾಗಿ ಮನದಟ್ಟು ಮಾಡಿಕೊಂಡ ಮೇಲೆಯೇ ನೀವು ಮುಂದುವರಿಯಬೇಕು. ನಿಮ್ಮ ಯಂತ್ರದಲ್ಲಿ ಕಾರ್ಡಿನ ಕಿಂಡಿಯೇ ಇಲ್ಲ. ಹಿಂಬದಿಗೆ ತೊಡಿಸುವ ಕವಚ ಇದ್ದರೆ ಮಾತ್ರ ಕಾರ್ಡ್ ಹಾಕಬಹುದು. ಪ್ರೊಸೆಸರ್ ಜಾರಸ್‌ನಲ್ಲಿರುವುದೇ, ಆದರೆ ರ‍್ಯಾಮ್ 32 ಎಂಬಿ, ಫ್ಲ್ಯಾಶ್ 16 ಎಂಬಿ. ಇದರಲ್ಲಿರುವ ಮೂಲ ಬೂಟ್‌ಲೋಡರ್, ಎಂದರೆ ಯಂತ್ರ ಏಳುವಾಗ ಮೊದಲು ಓಡುವ ಪುಟ್ಟ ತಂತ್ರಾಂಶ, ವಿಂಡೋಸನ್ನು ಮಾತ್ರ ಎಬ್ಬಿಸಬಲ್ಲದು. ಲಿನಕ್ಸ್ ಬೇಕಾದರೆ ಆ ಬೂಟ್‌ಲೋಡರನ್ನೇ ಬದಲಿಸಬೇಕು. ಜಾರಸ್‌ನಲ್ಲಿ ತಪ್ಪಿದರೆ ಮತ್ತೆ ಬರೆಯಬಹುದು. ಇಲ್ಲಿ ಬೂಟ್‌ಲೋಡರ್ ಬರೆಯುವಾಗ ಕರೆಂಟ್ ಹೋಗಿ ಬ್ಯಾಟರಿಯೂ ಕೈಕೊಟ್ಟರೆ ಯಂತ್ರವನ್ನು ಮನೆಯಲ್ಲಿ ಎಬ್ಬಿಸುವ ದಾರಿ ಉಳಿಯುವುದಿಲ್ಲ.

ಕೆಲಸ ಹೀಗೆ ನಡೆಯುತ್ತದೆ. ಬೂಟ್‌ಬ್ಲಾಸ್ಟರ್ ಎಂಬ ತಂತ್ರಾಂಶವನ್ನೂ ಹೊಸ ಬೂಟ್‌ಲೋಡರ್ ಕಡತವನ್ನೂ ಆ್ಯಕ್ಟಿವ್‌ಸಿಂಕ್ (ಕಂಪ್ಯೂಟರಿಗೂ ಅಂಗೈ ಯಂತ್ರಕ್ಕೂ ನಡುವೆ ಕಡತ ಸಾಗಿಸುವ ವಿಂಡೋಸ್ ತಂತ್ರಾಂಶ) ಮೂಲಕ ಐಪ್ಯಾಕಿಗೆ ಕಳುಹಿಸಬೇಕು. ಇದಕ್ಕೆ ವಿಂಡೋಸ್ ಎಕ್ಸ್‌ಪಿ ಇರುವ ಹಳೆಯ ಕಂಪ್ಯೂಟರ್ ಇದ್ದರೆ ಸಲೀಸು. ಬೂಟ್‌ಬ್ಲಾಸ್ಟರನ್ನು ತೆರೆದು ಮೊದಲು ಮಾಡಬೇಕಾದದ್ದು ಹಳೆಯ ಬೂಟ್‌ಲೋಡರ್ ಮತ್ತು ವಿಂಡೋಸ್ ಎರಡರ ಪ್ರತಿಯನ್ನೂ ಉಳಿಸಿಕೊಳ್ಳುವುದು. ಆ ಪ್ರತಿಗಳನ್ನು ಕೂಡಲೇ ಮನೆಯ ಕಂಪ್ಯೂಟರಿಗೆ ನಕಲಿಸಿರಿ, ಏಕೆಂದರೆ ಐಪ್ಯಾಕಿನಲ್ಲೇ ಬಿಟ್ಟರೆ ಮುಂದಿನ ಹೆಜ್ಜೆಯಲ್ಲಿ ಅವೂ ಹೋಗುತ್ತವೆ. ನಂತರ ಹೊಸ ಬೂಟ್‌ಲೋಡರ್ ಬರೆಯಿರಿ, ಬರೆದ ಮೇಲೆ ಪರಿಶೀಲಿಸುವ ಆಯ್ಕೆಯನ್ನು ಒತ್ತಿರಿ. ಬರೆದದ್ದು ಸರಿಯಿಲ್ಲ ಎಂದು ಪರಿಶೀಲನೆ ಹೇಳಿದರೆ ಯಂತ್ರವನ್ನು ಯಾವ ಕಾರಣಕ್ಕೂ ರೀಸೆಟ್ ಮಾಡದೆ ಅಲ್ಲಿಯೇ ಮತ್ತೆ ಬರೆಯಿರಿ. ವಿಂಡೋಸ್ ಇನ್ನೂ ಓಡುತ್ತಿರುವಷ್ಟು ಹೊತ್ತು ಸರಿಪಡಿಸಲು ಅವಕಾಶವಿದೆ, ರೀಸೆಟ್ ಆದ ಮೇಲೆ ಇಲ್ಲ.

ಪರಿಶೀಲನೆ ಸರಿಹೋದ ಮೇಲೆ ಸೀರಿಯಲ್ ತಂತಿ ಜೋಡಿಸಿ, ಕಂಪ್ಯೂಟರಿನ ಟರ್ಮಿನಲ್ ತಂತ್ರಾಂಶವನ್ನು 115200 ವೇಗ, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್, ಫ್ಲೋ ಕಂಟ್ರೋಲ್ ಇಲ್ಲ ಎಂದು ಹೊಂದಿಸಿ, ಐಪ್ಯಾಕಿನ ಕೆಳಗಿರುವ ಗುಂಡು ಗುಂಡಿಯ ನಡುವನ್ನು ಒತ್ತಿ ಹಿಡಿದು ರೀಸೆಟ್ ಮಾಡಿದರೆ ಬೂಟ್‌ಲೋಡರಿನ ಸಾಲು ಕಾಣುತ್ತದೆ. ಅಲ್ಲಿಂದ ‘ಲೋಡ್ ರೂಟ್’ ಎಂಬ ಆದೇಶ ಕೊಟ್ಟು ಫೆಮಿಲಿಯರ್ ಎಂಬ ಲಿನಕ್ಸಿನ ಕಡತವನ್ನು ವೈಮೋಡೆಮ್ ಕ್ರಮದಲ್ಲಿ ಕಳುಹಿಸಬೇಕು. ಸೀರಿಯಲ್ ತಂತಿ ನಿಧಾನ, ಬಹಳ ಹೊತ್ತು ಹಿಡಿಯುತ್ತದೆ. 2006ರ 0.8.4 ಆವೃತ್ತಿ ಕೊನೆಯದು, ಅದನ್ನೇ ಹಾಕಿರಿ. 32 ಎಂಬಿಯಲ್ಲಿ ಜಿಪಿಇ ಓಡುತ್ತದಾದರೂ ಎರಡು ಮೂರು ತಂತ್ರಾಂಶ ತೆರೆದ ಕೂಡಲೇ ಏದುಸಿರು ಬಿಡುತ್ತದೆ. ಕನ್ನಡ ಓದುವುದು ನಿಮ್ಮ ಉದ್ದೇಶವಲ್ಲದಿದ್ದರೆ ಈ ಯಂತ್ರಕ್ಕೆ ಓಪಿಯೇ ಒಪ್ಪುತ್ತದೆ.

ಇಷ್ಟು ಶ್ರಮಕ್ಕೆ ಒಂದು ದೊಡ್ಡ ಪ್ರತಿಫಲವಿದೆ. ಮೂಲ ವಿಂಡೋಸಿನಲ್ಲಿ ನೀವು ಬರೆದದ್ದೆಲ್ಲ ರ‍್ಯಾಮಿನಲ್ಲಿ ಇರುತ್ತಿತ್ತು. ಬ್ಯಾಟರಿ ಸತ್ತರೆ ಅದೂ ಸತ್ತಂತೆ. ಫೆಮಿಲಿಯರ್ ಎಲ್ಲವನ್ನೂ ಜೆಎಫ್‌ಎಫ್‌ಎಸ್-2 ಎಂಬ ಕಡತ ವ್ಯವಸ್ಥೆಯ ಮೂಲಕ ಫ್ಲ್ಯಾಶಿನಲ್ಲಿ ಬರೆಯುತ್ತದೆ. ವಾರಗಟ್ಟಲೆ ಚಾರ್ಜ್ ಮಾಡದಿದ್ದರೂ ಬರೆದದ್ದು ಉಳಿಯುತ್ತದೆ.

ಪ್ರಶ್ನೆ: ಎಚ್‌ಪಿ ಜೋರ್ನಡಾ 720 ಯಂತ್ರವನ್ನು ಶಾಲೆಯ ಮಕ್ಕಳಿಗೆ ತೋರಿಸಲು ಬಳಸಬೇಕೆಂದಿದ್ದೇನೆ. ಮೂಲ ವಿಂಡೋಸನ್ನು ಅಳಿಸದೆ ಲಿನಕ್ಸ್ ತೋರಿಸಬಹುದೇ?
– ಶಿಕ್ಷಕಿ, ಸೋಮವಾರಪೇಟೆ

ಉತ್ತರ: ಖಂಡಿತ. ಮೂರು ಯಂತ್ರಗಳಲ್ಲಿ ನಿಮ್ಮದೇ ಅತ್ಯಂತ ನಿರಾತಂಕವಾದದ್ದು. ಜೋರ್ನಡಾದ ವಿಂಡೋಸ್ ಸಿಇ ಅಳಿಸಲಾಗದ, ಓದಲು ಮಾತ್ರ ಬರುವ ರೋಮ್‌ನಲ್ಲಿದೆ. ಜೆಲೈಮ್ ಎಂಬ ಲಿನಕ್ಸನ್ನು ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡಿನಲ್ಲಿ ಎರಡು ಭಾಗ ಮಾಡಿ ಇಡಬೇಕು: ಮೊದಲ ಭಾಗ ಫ್ಯಾಟ್ ಮಾದರಿ, ಅದರಲ್ಲಿ ಕರ್ನೆಲ್ ಮತ್ತು ಬೂಟ್ ಮಾಡುವ ತಂತ್ರಾಂಶ, ಎರಡನೆಯ ಭಾಗ ಇಎಕ್ಸ್‌ಟಿ-2, ಅದರಲ್ಲಿ ಉಳಿದ ವ್ಯವಸ್ಥೆ. ವಿಂಡೋಸ್ ಎದ್ದ ಮೇಲೆ ಆ ತಂತ್ರಾಂಶವನ್ನು ತೆರೆದರೆ ವಿಂಡೋಸ್ ಸರಿದು ಲಿನಕ್ಸ್ ಬರುತ್ತದೆ, ರೀಸೆಟ್ ಮಾಡಿದರೆ ವಿಂಡೋಸ್ ಮರಳುತ್ತದೆ. ವಿಂಡೋಸಿನಲ್ಲಿ ಉಳಿಸಿದ್ದ ಟಿಪ್ಪಣಿಗಳು ರ‍್ಯಾಮಿನಲ್ಲಿರುವುದರಿಂದ ಅವು ಮಾತ್ರ ಅಳಿಸುತ್ತವೆ. ಮೊದಲೇ ಕಾರ್ಡಿಗೆ ನಕಲಿಸಿಕೊಳ್ಳಿರಿ.

ಇದರ ಪರದೆ 640 ಚುಕ್ಕೆ ಅಗಲ, ಎತ್ತರ 240 ಮಾತ್ರ. ದೊಡ್ಡ ಕಂಪ್ಯೂಟರಿಗೆಂದು ಬರೆದ ತಂತ್ರಾಂಶಗಳು ತೆರೆಯುವ ಸಣ್ಣ ಕಿಟಕಿಗಳಲ್ಲಿ ‘ಸರಿ’ ಎಂಬ ಗುಂಡಿ ಪರದೆಯ ಕೆಳಗೆ ಕಾಣದಂತೆ ಇಳಿದುಹೋಗುತ್ತದೆ. ಆಗ ಆಲ್ಟ್ ಕೀಲಿ ಒತ್ತಿ ಹಿಡಿದು ಕಡ್ಡಿಯಿಂದ ಕಿಟಕಿಯನ್ನು ಮೇಲಕ್ಕೆ ಎಳೆಯಬೇಕು. ಈ ಸೌಲಭ್ಯವಿರುವ ಹಗುರವಾದ ವಿಂಡೋ ನಿರ್ವಾಹಕವನ್ನೇ ಆರಿಸಿರಿ. ಮಕ್ಕಳಿಗೆ ತೋರಿಸುವುದಾದರೆ ಚಿತ್ರಾತ್ಮಕ ಪರಿಸರವನ್ನು ಒಮ್ಮೆಲೇ ಎಬ್ಬಿಸಬೇಡಿರಿ. ಮೊದಲು ಬರಿಯ ಆದೇಶದ ಸಾಲು, ಆಮೇಲೆ ಎಕ್ಸ್ ಸರ್ವರ್ ಒಂದೇ, ಆಮೇಲೆ ವಿಂಡೋ ನಿರ್ವಾಹಕ, ಆಮೇಲೆ ಒಂದು ಗಡಿಯಾರ, ಹೀಗೆ ಒಂದೊಂದಾಗಿ ಕೈಯಿಂದ ಶುರುಮಾಡಿ ತೋರಿಸಿರಿ. ಇಂದಿನ ಮೊಬೈಲ್ ಫೋನ್ ಮುಚ್ಚಿಡುವ ಪದರಗಳು ಈ ಯಂತ್ರದಲ್ಲಿ ಕಣ್ಣೆದುರೇ ಒಂದರ ಮೇಲೊಂದು ಬಂದು ಕೂರುತ್ತವೆ. ಹಳೆಯ ಯಂತ್ರವೊಂದಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ನನಗೆ ಕಾಣುವುದಿಲ್ಲ, ನಿಮ್ಮ ಯೋಚನೆ ನನಗೆ ಬಹಳ ಹಿಡಿಸಿತು.

ಪ್ರಶ್ನೆ: ನಮ್ಮ ದೇಶದಲ್ಲೇ ಮಾಡಿದ ಸಿಂಪ್ಯೂಟರ್ ಕೂಡ ಇದೇ ಬಗೆಯದೇ?
– ಓದುಗರು, ಕುಶಾಲನಗರ

ಉತ್ತರ: ಹೌದು, ಅದು ಈ ಯಂತ್ರಗಳ ಸಮಕಾಲೀನ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಎನ್‌ಕೋರ್ ಸಂಸ್ಥೆಯ ಇಂಜಿನಿಯರುಗಳೂ ಸೇರಿ ರೂಪಿಸಿ 2001ರಲ್ಲಿ ಅದನ್ನು ಪ್ರಕಟಿಸಿದರು. ಪಿಕೋಪೇಟಾ ಸಂಸ್ಥೆ ಭಾರತ್ ಎಲೆಕ್ಟ್ರಾನಿಕ್ಸ್ ಜೊತೆಗೂಡಿ 2004ರಲ್ಲಿ ಅಮಿಡಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಅದೂ ಲಿನಕ್ಸಿನದೇ, ಸ್ಟ್ರಾಂಗ್‌ಆರ್ಮ್ ಪ್ರೊಸೆಸರಿನದೇ. ಒಂದೇ ಯಂತ್ರವನ್ನು ಊರಿನ ಹಲವರು ಹಂಚಿಕೊಳ್ಳಲಿ ಎಂದು ಸ್ಮಾರ್ಟ್ ಕಾರ್ಡ್ ಇರಿಸಿದ್ದು ಅದರ ವಿಶೇಷ. ನಿಮ್ಮಲ್ಲಿ ಇದ್ದರೆ ಅದರ ಮೂಲ ವ್ಯವಸ್ಥೆಯನ್ನು ದಯವಿಟ್ಟು ಬದಲಿಸಬೇಡಿರಿ. ಇರುವ ಹಾಗೆಯೇ ಓಡುವ ಸಿಂಪ್ಯೂಟರ್ ನಮ್ಮ ರಾಜ್ಯದ ಕಂಪ್ಯೂಟರ್ ಚರಿತ್ರೆಯ ಸಾಕ್ಷಿ.

ಪ್ರಶ್ನೆ: ಇಂತಹ ಯಂತ್ರದಲ್ಲಿ ಬ್ಯಾಂಕಿನ ಕೆಲಸ ಮಾಡಬಹುದೇ?
– ಓದುಗರು, ಸುಂಟಿಕೊಪ್ಪ

ಉತ್ತರ: ಮಾಡಬೇಡಿರಿ. ಇವುಗಳ ಬ್ರೌಸರಿಗೆ ಇಂದಿನ ಸುರಕ್ಷತಾ ಕ್ರಮಗಳು ತಿಳಿಯವು, ಹೆಚ್ಚಿನ ಪುಟಗಳು ತೆರೆಯುವುದೂ ಇಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಪುಸ್ತಕಕ್ಕೂ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ಯಂತ್ರವನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡಬಹುದೇ? ಬ್ಯಾಟರಿ ಸ್ವಲ್ಪ ಉಬ್ಬಿದಂತೆಯೂ ಕಾಣುತ್ತದೆ.
– ಓದುಗರು, ಭಾಗಮಂಡಲ

ಉತ್ತರ: ಒಲೆಯ ಮೇಲೆ ಬೇಡ. ಏಲಕ್ಕಿಗೂ ಮೆಣಸಿಗೂ ಒಳ್ಳೆಯದಾದ ಆ ಶಾಖ ಮತ್ತು ಹೊಗೆ ಪರದೆಗೂ ಬ್ಯಾಟರಿಗೂ ಕೆಡುಕು. ಬಿಗಿಯಾದ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿರಿ. ಪೊಟ್ಟಣಗಳು ತೇವ ಹೀರಿದ ಮೇಲೆ ಬದಲಿಸಿರಿ ಅಥವಾ ಒಣಗಿಸಿರಿ. ಬ್ಯಾಟರಿಯ ವಿಷಯ ಮಾತ್ರ ಮುಂದೂಡುವಂತಹದಲ್ಲ. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಬೇಡಿರಿ, ಒತ್ತಬೇಡಿರಿ, ಚುಚ್ಚಬೇಡಿರಿ. ಬಿಚ್ಚಲು ಬರುವಂತಿದ್ದರೆ ತೆಗೆದು, ಅದರ ತುದಿಗಳಿಗೆ ಟೇಪ್ ಅಂಟಿಸಿ, ಬೆಂಕಿ ತಗಲದ ಜಾಗದಲ್ಲಿಟ್ಟು, ಇ-ತ್ಯಾಜ್ಯ ಸ್ವೀಕರಿಸುವವರಿಗೆ ಕೊಡಿರಿ. ಮನೆಯ ಕಸದೊಡನೆ ಸೇರಿಸಬೇಡಿರಿ. ಯಂತ್ರದ ಒಳಗೇ ಅಂಟಿಸಿದ ಬ್ಯಾಟರಿಯಾದರೆ ಮಡಿಕೇರಿಯಲ್ಲೋ ಮೈಸೂರಿನಲ್ಲೋ ಮೊಬೈಲ್ ರಿಪೇರಿ ಬಲ್ಲವರ ಕೈಯಲ್ಲಿ ತೆಗೆಸಿರಿ. ಹೊಸ ಬ್ಯಾಟರಿ ಹಾಕುವ ತನಕ ಇಲ್ಲಿ ಹೇಳಿರುವ ಯಾವ ಕೆಲಸವನ್ನೂ ಆ ಯಂತ್ರದಲ್ಲಿ ಆರಂಭಿಸಬೇಡಿರಿ.